ಪದಚರ್ಚೆ: ‘ಮೋಟರ್ ಜಗ್ಗವಲ್ದು’ ಅಂತ ಅಚ್ಚು ಹಾಕಿಸಬಹುದೆ? (ತುರ್ತು)

ಮುನಿರಾಬಾದಿನಿಂದ:

ಎಲ್ಲರಿಗೂ ನಮಸ್ಕಾರ. ತುಂಗಭದ್ರಾ ಹಿನ್ನೀರಿನಲ್ಲಿ ಮೀನು ಹಿಡಿಯುವವರಿಗಾಗಿ ಒಂದು ಪುಟದ ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಕೊಪ್ಪಳದ ಪ್ರೆಸ್ಸಿಗೆ ಕೊಡಬೇಕು. ಸಣ್ಣ ಫೈಬರ್ ದೋಣಿಯ ಹಿಂಬದಿಗೆ ಸಿಕ್ಕಿಸುವ ಬ್ಯಾಟರಿ ಮೋಟರ್ ಬರುತ್ತದಲ್ಲ, ಟ್ರೋಲಿಂಗ್ ಮೋಟರ್, ಅದು ಮೊದಲಿನಂತೆ ಓಡದಿದ್ದಾಗ ಏನೇನು ನೋಡಬೇಕು ಎಂಬುದು ವಿಷಯ.

ಮೂಲದ ತಲೆಬರಹದಲ್ಲಿ ‘ಅಂಡರ್‌ಪರ್ಫಾರ್ಮಿಂಗ್’ ಅಂತಿದೆ. ‘ಕಾರ್ಯಕ್ಷಮತೆಯ ಕೊರತೆ’ ಎಂದು ಬರೆದು ನಾನೇ ಹೊಡೆದುಹಾಕಿದೆ. ಯಾವನೋ ಗುಮಾಸ್ತನ ಗೋಪ್ಯ ವರದಿ ಓದಿದಂತಾಗುತ್ತದೆ. ಇಲ್ಲಿನವರು ‘ಮೋಟರ್ ಜಗ್ಗವಲ್ದು’ ಅನ್ನುತ್ತಾರೆ, ಅಂದರೆ ಎಳೆಯುತ್ತಿಲ್ಲ ಎಂದು. ಅದನ್ನೇ ಹಿಡಿದು ‘ಜಗ್ಗದ ಮೋಟರ್: ಏನು ನೋಡಬೇಕು?’ ಎಂದರೆ ಹೇಗೆ?

ಇನ್ನೆರಡು ತೊಡಕಿವೆ. ಮೋಟರಿನ ಮೇಲೆ ‘55 ಪೌಂಡ್ ಥ್ರಸ್ಟ್’ ಎಂದಿದೆ, ಥ್ರಸ್ಟ್‌ಗೆ ಏನನ್ನಲಿ? ಮತ್ತೆ ‘ಲೋಡ್ ಇರುವಾಗ ವೋಲ್ಟೇಜ್ ಅಳೆಯಿರಿ’ ಎಂಬ ಸಾಲನ್ನು ಒಬ್ಬರಿಗೆ ಓದಿ ತೋರಿಸಿದೆ. ‘ಎಷ್ಟು ಬುಟ್ಟಿ ಮೀನು ತುಂಬಬೇಕ್ರೀ?’ ಅಂದರು.

ಮೈಸೂರಿನಿಂದ:

‘ಜಗ್ಗದ ಮೋಟರ್’ ಖಂಡಿತ ಬೇಡ. ಯಾವುದಕ್ಕೂ ಜಗ್ಗದ ಮನುಷ್ಯ ಎಂದರೆ ಹೊಗಳಿಕೆ. ನಿಮ್ಮ ತಲೆಬರಹ ಓದಿದವರು ಜಾಹೀರಾತು ಅಂದುಕೊಂಡು ಇನ್ನೊಂದು ಮೋಟರ್ ಕೊಂಡಾರು. ‘ದುರ್ಬಲ ಮೋಟರ್’ ಎನ್ನಿ, ಮುಗಿಯಿತು.

ರಾಯಚೂರಿನಿಂದ:

ಕರಪತ್ರ ಅಚ್ಚಾಗುತ್ತಿರುವುದು ಮೈಸೂರಿನವರಿಗಲ್ಲ. ನಮ್ಮ ಕಡೆ ಎತ್ತು ಬಂಡಿ ಜಗ್ಗುತ್ತವೆ, ಹೆಣ್ಣುಮಕ್ಕಳು ಬಾವಿಯಿಂದ ಕೊಡ ಜಗ್ಗುತ್ತಾರೆ. ನಿಮ್ಮ ಶಾಲೆಯ ಆಟೋಟದಲ್ಲಿ ಹಗ್ಗಜಗ್ಗಾಟಕ್ಕೆ ಏನನ್ನುತ್ತೀರಿ ಸ್ವಾಮಿ, ಹಗ್ಗಮಣಿದಾಟವೆ? ಎಳೆ ಎಂಬ ಅರ್ಥ ನಿಮ್ಮಲ್ಲೂ ಇದೆ, ಮಣಿ ಎಂಬ ಅರ್ಥ ನಮ್ಮಲ್ಲೂ ಇದೆ. ‘ಜಗ್ಗಿ ಮಂದಿ ಬಂದಿದ್ರು’ ಅನ್ನುವಾಗಿನ, ಬಹಳ ಎಂಬ ಮೂರನೆಯದೊಂದು ನಮಗೆ ಹೆಚ್ಚಿಗೆ ಇದೆ, ಅಷ್ಟೆ.

ಆದರೆ ಮುನಿರಾಬಾದಿನವರು ಒಂದು ಗಮನಿಸಬೇಕು. ಜನ ‘ಜಗ್ಗವಲ್ದು’ ಅನ್ನುತ್ತಾರೆ, ‘ಜಗ್ಗದ ಮೋಟರ್’ ಅನ್ನುವುದಿಲ್ಲ. ಕ್ರಿಯಾಪದವಾಗಿದ್ದಾಗ ಗೊಂದಲವಿಲ್ಲ. ಅದನ್ನು ವಿಶೇಷಣ ಮಾಡಿದ್ದೇ ಎಡವಟ್ಟು.

ಉಡುಪಿಯಿಂದ:

ಟ್ರೋಲಿಂಗ್ ಅಲ್ಲ, ಟ್ರಾಲಿಂಗ್. ಮಲ್ಪೆಗೆ ಬಂದು ನೋಡಿ.

ಬಳ್ಳಾರಿಯಿಂದ:

ಉಡುಪಿಯವರು ಹೇಳುವುದು ಬಲೆ ಎಳೆಯುವ ದೊಡ್ಡ ಬೋಟಿನ ಮಾತು. ಇದು ದೋಣಿ ಮೆಲ್ಲಗೆ ಸಾಗುತ್ತಿರುವಾಗ ಗಾಳದ ದಾರವನ್ನು ಹಿಂದೆ ಎಳೆದೊಯ್ಯುವುದು. ಎರಡೂ ಬೇರೆ. ಎರಡೂ ನಮಗೆ ಬೇಡ ಎಂಬುದು ನನ್ನ ಮಾತು. ‘ಮಿಂಚುಮೋಟರು’ ಎಂದರೆ ಸಾಕಲ್ಲ, ಮಿಂಚು ಎಂದರೆ ಕರೆಂಟು.

ಈಗ ಜಗ್ಗು. ಪದ ಅಚ್ಚಗನ್ನಡ, ತಕರಾರಿಲ್ಲ. ಬಳಸಿದ ಜಾಗ ತಪ್ಪು. ಹಿಂದೆ ಕಟ್ಟಿದ ಮೋಟರ್ ದೋಣಿಯನ್ನು ಜಗ್ಗುವುದಿಲ್ಲ, ನೂಕುತ್ತದೆ. ಮುಂದೆ, ಮೂತಿಗೆ ಕಟ್ಟುವ ಬಗೆಯ ಮೋಟರೂ ಇದೆ, ಜಗ್ಗುವುದು ಅದು. ಆದ್ದರಿಂದ ಥ್ರಸ್ಟ್ ಎಂದರೆ ನೂಕು. ಹಳಗನ್ನಡದಲ್ಲಿ ನೂಂಕು. ‘ನೂಕುಬಲ’ ಎಂದು ಸಂಸ್ಕೃತ ಬೆರೆಸಬೇಡಿ, ‘ನೂಕುಕಸುವು’ ಎನ್ನಿ. ಪ್ರೊಪೆಲರ್‌ಗೆ ನಾನು ಬಹಳ ಹಿಂದೆಯೇ ‘ತಿರುಹುಟ್ಟು’ ಎಂದು ಸೂಚಿಸಿದ್ದೆ. ಅಂಬಲಿ ತಿರುವುವ ಮರದ ಸೌಟೂ ಹುಟ್ಟು, ಅಂಬಿಗನ ಕೈಯದೂ ಹುಟ್ಟು. ಒಂದು ಗಡಿಗೆಯೊಳಗೆ ತಿರುಗುತ್ತದೆ, ಒಂದು ಹೊಳೆಯೊಳಗೆ. ಮೂರನೆಯದು ತಾನೇ ತಿರುಗಿದರೆ ಅದಕ್ಕೆ ಇಂಗ್ಲಿಷ್ ಹೆಸರೇಕೆ?

ತಲೆಬರಹ ಹೀಗಿರಲಿ: ‘ಜೋರಾಗಿ ನೂಕದ ಮೋಟರು.’

ರಾಯಚೂರಿನಿಂದ:

ಜೋರು ಪಾರಸಿ.

ಬಳ್ಳಾರಿಯಿಂದ:

ಬಳಕೆಯಿಂದ ಕನ್ನಡವಾಗಿದೆ.

ರಾಯಚೂರಿನಿಂದ:

ಹಾಗಾದರೆ ನಿಮ್ಮ ಪ್ರೊಪೆಲರ್‌ಗೆ ಜನ ಅನ್ನುವ ಫ್ಯಾನೂ ಆಗಿದೆ, ಮೋಟರೂ ಆಗಿದೆ. ದೋಣಿ ಹತ್ತಿದ ಮೇಲೆ ಮಡಿ ನಡೆಯುವುದಿಲ್ಲ ಗುರುಗಳೆ. ಚುಕ್ಕಾಣಿ ಅರಬ್ಬಿಯ ಸುಕ್ಕಾನ್. ಲಂಗರು ಪಾರಸಿ, ಬಂದರು ಪಾರಸಿ. ಇವನ್ನೆಲ್ಲ ನೀರಿಗೆ ಹಾಕಿದರೆ ನಿಮ್ಮ ಕೈಯಲ್ಲಿ ತೆಪ್ಪ, ಹುಟ್ಟು, ಅಂಬಿ ಉಳಿದಾವು. ನಿಲ್ಲಿಸಲು ಲಂಗರಿಲ್ಲ, ತಿರುಗಿಸಲು ಚುಕ್ಕಾಣಿ ಇಲ್ಲ. 1948ರವರೆಗೆ ನಿಜಾಮರ ಕಚೇರಿಗೆ ಅರ್ಜಿ ಬರೆದ ಊರು ನಮ್ಮದು; ಪಾರಸಿ, ಉರ್ದು ನಮಗೆ ಮೈಲಿಗೆಯಲ್ಲ. ನೀವು 1953ರವರೆಗೆ ಮದರಾಸಿನ ಜೊತೆಗಿದ್ದವರು. ನಿಮ್ಮ ಮನೆಮಾತಿನಲ್ಲಿ ಎಷ್ಟು ತೆಲುಗಿದೆ ಎಂದು ನಾವು ಎಣಿಸಿಲ್ಲ.

ಮುನಿರಾಬಾದಿನಿಂದ:

ಸರ್, ಇಬ್ಬರಿಗೂ ಕೈ ಮುಗಿಯುತ್ತೇನೆ. ನಾಳೆ ಬೆಳಿಗ್ಗೆ ಪ್ರೆಸ್ಸು.

ಗಂಗಾವತಿಯಿಂದ:

ನಾ ವೈಂಡಿಂಗ್ ಅಂಗಡಿ ಇಟ್ಟಾಂವ. ಬರಿ ಓದಕೊಂತ ಇರ್ತೀನಿ, ಇವತ್ತು ನಮ್ಮ ಕಸುಬಿನ ಮಾತು ಬಂತು ಅಂತ ಬರೀತೀನ್ರಿ.

ನೀವು ಒಂದ ಪದ ಹುಡುಕಾಕತ್ತೀರಿ. ಅಲ್ಲೇ ತಪ್ಪೈತಿ. ಅಂಗಡಿಗೆ ಬಂದೋರು ಎರಡು ಥರಾ ಹೇಳ್ತಾರ. ಒಬ್ಬಾಂವ ‘ಗಿರಗಿರ ತಿರಗತೈತ್ರಿ, ದೋಣಿ ಹೋಗವಲ್ದು’ ಅಂತಾನ. ಇನ್ನೊಬ್ಬಾಂವ ‘ತಿರಗೂದ ನಿಧಾನ ಆಗೇತ್ರಿ, ಉಸುರು ಬಿಟ್ಟಂಗ ಮಾಡತೈತಿ’ ಅಂತಾನ. ಇಂಗ್ಲಿಷಿನ್ಯಾಗ ಎರಡಕ್ಕೂ ಒಂದ ಹೆಸರು ಬರದಾರು. ರಿಪೇರಿ ಮಾಡೂಮುಂದ ಎರಡೂ ಬ್ಯಾರೆ.

ಗಿರಗಿರ ತಿರುಗಿ ದೋಣಿ ಹೋಗಲಿಲ್ಲ ಅಂದ್ರ ನೀರಿನ್ಯಾಗಿನ ಕಡೆ ನೋಡಬೇಕು. ಫ್ಯಾನಿಗೆ ಪಾಚಿ, ಕಸ ಸುತ್ತೇತೇನು, ರೆಕ್ಕಿ ಮುರದೈತೇನು. ಫ್ಯಾನ್ ಸಿಕ್ಕಿಸೋ ಅಡ್ಡ ಪಿನ್ನು ತುಂಡಾಗಿದ್ರ ಒಳಗ ಶಾಫ್ಟ್ ತಿರಗತೈತಿ, ಫ್ಯಾನ್ ಸುಮ್ನ ನಿಂತಿರತೈತಿ. ಮೋಟರ್ ಭಾಳ ಮ್ಯಾಲೆ ಕಟ್ಟಿದ್ರ ಗಾಳಿ ಕುಡೀತೈತಿ, ನೊರಿ ಬರತೈತಿ, ಸಪ್ಪಳ ಜಾಸ್ತಿ. ಫ್ಯಾನಿನ ಮ್ಯಾಲಿನ ತುದಿ ನೀರಿನ ಒಳಗ ಅರ್ಧ ಅಡಿನಾರ ಇರಬೇಕು. ಬ್ಯಾಸಗ್ಯಾಗ ಹಿನ್ನೀರು ಇಳದು ಹೂಳು ಹತ್ತತೈತಿ ಅಂತ ಮಂದಿ ಮೋಟರ್ ಮ್ಯಾಲೆ ಜಗ್ಗಿ ಕಟ್ಟತಾರ, ಮಳಿ ಬಂದು ನೀರು ಏರಿದ ಮ್ಯಾಲೂ ಹಂಗ ಬಿಟ್ಟಿರ್ತಾರ.

ಫ್ಯಾನ್ ಬಿಚ್ಚಿ ಹಿಂದ ನೋಡಂತ ದಪ್ಪ ಅಕ್ಷರದಾಗ ಬರೀರಿ. ಬಲೆಯ ನೈಲಾನ್ ದಾರ ಶಾಫ್ಟಿಗೆ ಬಿಗಿಯಾಗಿ ಸುತ್ತಿರತೈತಿ, ಹೊರಗಿನಿಂದ ಕಾಣಂಗಿಲ್ಲ. ಅದು ನೀರು ತಡಿಯೋ ಸೀಲ್ ಕೊಯ್ದು ಒಳಗ ನೀರು ಬಿಡತೈತಿ. ನನ್ನ ಹತ್ರ ಬಿಚ್ಚಿದ ಒಂದು ಮೋಟರಿನ್ಯಾಗ ಕೆಂಪನ್ನ ತುಕ್ಕಿನ ರಾಡಿ ಸುರೀತು, ಒಳಗ ಕರೆಂಟ್ ಮುಟ್ಟಸೋ ಕಾರ್ಬನ್ ಬ್ರಷ್ ಹೋಲ್ಡರಿಗೆ ಅಂಟಿ ಕುಂತಿದ್ವು.

ನಿಧಾನ ತಿರುಗಿದ್ರ ಕರೆಂಟಿನ ಕಡೆ. ನಮ್ಮ ಮಂದಿ ಟ್ರ್ಯಾಕ್ಟರ್ ಬ್ಯಾಟರಿ ಇಡ್ತಾರ. ಅದು ಒಮ್ಮೆ ಗಕ್ಕನ ಇಂಜಿನ್ ಎಬ್ಬಸಾಕ ಮಾಡಿದ್ದು, ತಾಸುಗಟ್ಟಲೆ ಖಾಲಿ ಮಾಡಾಕಲ್ಲ, ಬ್ಯಾಗ ಸಾಯತೈತಿ. ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿ ಬೇಕು. ಪೂರ್ತಿ ಚಾರ್ಜ್ ಆಗಿ ಸುಮ್ನ ಇಟ್ಟಾಗ 12.6 ವೋಲ್ಟ್ ತೋರಸ್ಬೇಕು. ಆದ್ರ ಸತ್ತ ಬ್ಯಾಟರಿನೂ ಒಮ್ಮೊಮ್ಮೆ ಅಷ್ಟ ತೋರಸ್ತೈತಿ, ಮೋಸ ಅಲ್ಲೇ. ನೀರಿನ್ಯಾಗ ಮೋಟರ್ ಫುಲ್ ಓಡಿಸಿ ಆವಾಗ ಮೀಟರ್ ಹಿಡೀರಿ. 10.5ಕ್ಕಿಂತ ಕೆಳಗ ಬಿದ್ರ ಬ್ಯಾಟರಿ ಹೋಗೇತಿ, ಇಲ್ಲ ಖಾಲಿ ಆಗೇತಿ. ದಂಡಿ ಮ್ಯಾಲೆ ಇಟ್ಟು ತಿರುಗಿಸಿದ್ರ ಬ್ಯಾಟರಿಗೆ ಹೊರೀನ ಬೀಳಂಗಿಲ್ಲ, ಎಲ್ಲಾ ಸರಿ ಐತಿ ಅಂತ ಕಾಣತೈತಿ. ನಿಮ್ಮ ‘ಲೋಡ್ ಇರುವಾಗ’ ಅನ್ನೂದು ಇದ ರೀ ಅಕ್ಕಾರ. ‘ಮೋಟರ್ ನೀರಾಗ ಓಡೂಮುಂದ’ ಅಂತ ಬರೀರಿ, ಮೀನಿನ ಬುಟ್ಟಿ ಕೇಳಂಗಿಲ್ಲ.

ಬ್ಯಾಟರಿ ಹತ್ರ 12 ಇದ್ದು ಮೋಟರ್ ಹತ್ರ 10 ಬಂದ್ರ ವೈರಿನ ತಪ್ಪು. 55 ಪೌಂಡಿಂದು ಫುಲ್ ಇಟ್ರ ಸುಮಾರು 50 ಆಂಪಿಯರ್ ಎಳೀತೈತಿ. ಮನಿಗೆ ಹಾಕೋ 4 ಸ್ಕ್ವೇರ್ (4 ಚದರ ಮಿಲಿಮೀಟರ್ ದಪ್ಪದ) ವೈರು ಬ್ಯಾಟರಿಯಿಂದ ಮೋಟರಿಗೆ 3 ಮೀಟರ್ ಎಳದ್ರ, ಹೋಗಿ ಬರಾಕ 6 ಮೀಟರ್ ಆತು, ವೈರಿನ್ಯಾಗ ಒಂದೂಕಾಲು ವೋಲ್ಟಿಗಿಂತ ಹೆಚ್ಚು ಹೋಗತೈತಿ. 16 ಸ್ಕ್ವೇರ್ ಹಾಕ್ರಿ, ಅರ್ಧ ವೋಲ್ಟೂ ಹೋಗಂಗಿಲ್ಲ. ಟರ್ಮಿನಲ್ಲಿಗೆ ಹಸುರು ಕಿಲುಬು ಹತ್ತಿದ್ರ ಉಜ್ಜಿ ಬಿಗೀರಿ. ಓಡಿಸಿ ಬಂದ ಮ್ಯಾಲೆ ಕೈ ಮುಟ್ಟಿ ನೋಡ್ರಿ, ಯಾವ ಜಾಯಿಂಟ್ ಬಿಸಿ ಐತಿ ಅಲ್ಲೇ ಕಳ್ಳ ಅದಾನ.

ಒಂದು ಬಿಟ್ಟಿದ್ದೆ. ಐದು ಸ್ಪೀಡಿನ ಮೋಟರಿನ್ಯಾಗ ಸಣ್ಣ ಸ್ಪೀಡ್ ಯಾವೂ ಬರವಲ್ವು, ಐದನೇದು ಒಂದ ಓಡತೈತಿ ಅಂದ್ರ ಸಣ್ಣ ಸ್ಪೀಡಿಗೆ ಕರೆಂಟ್ ತಗ್ಗಸೋ ಸ್ಪೀಡ್ ಕಾಯಿಲ್ ಸುಟ್ಟೈತಿ. ಅದಕ್ಕ ಬ್ಯಾಟರಿ ಬದಲಿ ಮಾಡಿ ರೊಕ್ಕ ಕಳಕೋಬ್ಯಾಡ್ರಿ.

ಮುನಿರಾಬಾದಿನಿಂದ:

ಗಂಗಾವತಿ ಅಣ್ಣಾರ, ಇಡೀ ಕರಪತ್ರದ ಕಟ್ಟೇ ಬದಲಾಯಿತು. ಈಗ ಹೀಗೆ ಮಾಡಿದ್ದೇನೆ.

ಮೇಲಿನ ದೊಡ್ಡ ಸಾಲು: ‘ಮೋಟರ್ ಜಗ್ಗವಲ್ದೇನು?’ ಕೆಳಗೆ ಎರಡು ಕಾಲಂ. ಎಡಕ್ಕೆ ‘ಜೋರ್ ತಿರುಗತೈತಿ, ದೋಣಿ ಹೋಗವಲ್ದು: ಫ್ಯಾನ್ ಕಡೆ ನೋಡ್ರಿ’. ಬಲಕ್ಕೆ ‘ತಿರುಗೂದ ನಿಧಾನ: ಬ್ಯಾಟರಿ, ವೈರ್ ನೋಡ್ರಿ’. ಒಳಗಿನ ವಿವರ ಸಾದಾ ಬರಹಗನ್ನಡದಲ್ಲಿ. ಥ್ರಸ್ಟ್ ಹಾಗೆಯೇ ಉಳಿಸಿದೆ, ಅಂಗಡಿಯಲ್ಲಿ ಕೇಳಬೇಕಾದ ಮಾತು ಅದು. ಪಕ್ಕದಲ್ಲಿ ‘ನೂಕುವ ಬಲ, 55 ಪೌಂಡ್ ಎಂದರೆ ಸುಮಾರು 25 ಕಿಲೋ’ ಎಂದು ಹಾಕಿದ್ದೇನೆ. ಟ್ರೋಲಿಂಗ್ ಬಿಟ್ಟುಬಿಟ್ಟೆ. ಇಲ್ಲಿ ಅರ್ಧ ಜನ ಅದನ್ನು ಟ್ರ್ಯಾಕ್ಟರಿನ ಟ್ರಾಲಿ ಅಂತಲೇ ಕೇಳಿಸಿಕೊಂಡರು. ‘ಬ್ಯಾಟರಿ ಮೋಟರ್’ ಸಾಕು.

ಮೈಸೂರಿನಿಂದ:

ಬರಹಗನ್ನಡದ ಕರಪತ್ರಕ್ಕೆ ಆಡುಮಾತಿನ ತಲೆಬರಹ. ನಾಳೆ ಔಷಧಿ ಚೀಟಿಯೂ ಹೀಗೇ ಬರುತ್ತದೆ.

ರಾಯಚೂರಿನಿಂದ:

ಬಂದರೆ ಒಳ್ಳೆಯದು. ಈಗಿನದನ್ನು ಯಾರು ಓದುತ್ತಿದ್ದಾರೆ?

ಬಳ್ಳಾರಿಯಿಂದ:

‘ಬಲ’ ಉಳಿಸಿಕೊಂಡಿದ್ದೀರಿ, ‘ಜೋರ್’ ಸೇರಿಸಿದ್ದೀರಿ, ತಿರುಹುಟ್ಟು ಯಾರಿಗೂ ಬೇಡವಾಯಿತು. ಆಗಲಿ. ವೈರ್ ಎಂಬುದನ್ನಾದರೂ ‘ತಂತಿ’ ಎಂದು ತಿದ್ದಿ.

ಗಂಗಾವತಿಯಿಂದ:

ತಂತಿ ಅಂದ್ರ ಬೇಲಿ ತಂತಿ ತರ್ತಾರ್ರಿ ಸರ.