ಕಬ್ಬಿನ ಕೂಳೆ ಚುಚ್ಚಿದೆ, ನಾಲ್ಕೂವರೆ ವರ್ಷದ ಮಗನಿಗೆ ಮತ್ತೆ ಟಿಟಿ ಬೇಕಾ?

ಪ್ರಶ್ನೆ (ಮುಧೋಳ ತಾಲೂಕು)

ನಮಸ್ಕಾರ ರೀ ಎಲ್ಲರಿಗೂ. ನಿನ್ನೆ ಸಂಜೆ ಮಗ ಕಟಾವಾದ ಕಬ್ಬಿನ ಹೊಲದಲ್ಲಿ ಬರಿಗಾಲಲ್ಲಿ ಓಡುವಾಗ ಅಂಗಾಲಿಗೆ ಕೂಳೆ (ಕಡಿದ ಕಬ್ಬಿನ ಮೋಟು) ಚುಚ್ಚಿದೆ. ಗಾಯ ಕಡಲೆಕಾಳಿನಷ್ಟು, ಆದರೆ ಸ್ವಲ್ಪ ಒಳಗೆ ಹೋಗಿದೆ. ಪಕ್ಕದಲ್ಲೇ ತಿಪ್ಪೆ ಇದೆ. ಅತ್ತೆಯವರು ಅರಿಶಿಣ ತುಂಬಿ ಬಟ್ಟೆ ಕಟ್ಟಿದ್ದಾರೆ. ಲಸಿಕೆ ಬರೆಯುವ ತಾಯಿ ಕಾರ್ಡ್‌ನಲ್ಲಿ ಒಂದೂವರೆ ವರ್ಷದ ಡಿಪಿಟಿ ಬೂಸ್ಟರ್ ತನಕ ಎಲ್ಲ ಬರೆದಿದೆ. ಮೆಡಿಕಲ್ ಅಂಗಡಿಯವರು ಟಿಟಿ (ಧನುರ್ವಾಯು ಸೂಜಿ) ಆರು ತಿಂಗಳಷ್ಟೇ ಕೆಲಸ ಮಾಡುತ್ತದೆ, ಮತ್ತೆ ಹಾಕಿಸಿ ಅಂತಾರೆ. ತುಕ್ಕು ಹಿಡಿದ ಮೊಳೆ ಅಲ್ವಲ್ಲ, ಏನೂ ಆಗಲ್ಲ ಅಂತಾರೆ ಮಾವನವರು. ಯಾರ ಮಾತು ಕೇಳಲಿ?

ಉತ್ತರ 1 (ವಿಜಯಪುರ, ಸ್ಟಾಫ್ ನರ್ಸ್)

ಅಕ್ಕಾರೆ, ಮೊದಲು ಆ ಬಟ್ಟೆ ಬಿಚ್ಚಿ. ನಲ್ಲಿ ನೀರು ಬಿಟ್ಟು, ಸೋಪು ಹಚ್ಚಿ, ಐದು ಹತ್ತು ನಿಮಿಷ ಚೆನ್ನಾಗಿ ತೊಳೆಯಿರಿ. ಅವನು ಅತ್ತರೂ ಬಿಡಬೇಡಿ. ಅರಿಶಿಣವೆಲ್ಲ ಹೋಗಬೇಕು, ಒಳಗೆ ಕೂಳೆಯ ಚೂರು ಉಳಿದಿದೆಯಾ ಅಂತ ಬೆಳಕಿನಲ್ಲಿ ನೋಡಿ. ಉಳಿದಿದ್ದರೆ ಪಿನ್ನಿನಿಂದ ಕೆದಕಬೇಡಿ, ಆಸ್ಪತ್ರೆಯಲ್ಲಿ ತೆಗೆಸಿ.

ತುಕ್ಕಿನಿಂದ ಧನುರ್ವಾಯು (ಟೆಟನಸ್) ಬರುವುದಿಲ್ಲ. ಆ ರೋಗಾಣುವಿನ ಬೀಜಕಗಳು ಮಣ್ಣಲ್ಲಿ, ಸಗಣಿಯಲ್ಲಿ, ಗೊಬ್ಬರದಲ್ಲಿ ಇರುತ್ತವೆ, ಗಾಳಿ ಆಡದ ಆಳದ ಗಾಯದಲ್ಲಿ ಬೆಳೆದು ವಿಷ ಬಿಡುತ್ತವೆ. ಹಾಗಾಗಿ ತಿಪ್ಪೆ ಹತ್ತಿರ ಕೂಳೆ ಚುಚ್ಚಿದ ಗಾಯಕ್ಕೇ ಜಾಸ್ತಿ ಹೆದರಬೇಕು, ಹೊಳೆಯುವ ಹೊಸ ಮೊಳೆಯಾದರೂ ಅಷ್ಟೇ.

ಇನ್ನು ಸೂಜಿಯ ವಿಷಯ. ನಿಮ್ಮ ಮಗನಿಗೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಲ್ಲಿ ಪೆಂಟಾವೇಲೆಂಟ್ ಆಗಿದೆ, ಆಮೇಲೆ ಬೂಸ್ಟರ್ ಕೂಡ ಆಗಿದೆ ಅಲ್ವಾ? ಎಲ್ಲದರಲ್ಲೂ ಧನುರ್ವಾಯು ಲಸಿಕೆ ಇದೆ. ಮೂರು ಡೋಸ್ ಪೂರ್ತಿ ಆದ ಮಗುವಿಗೆ ಗಾಯ ಕೊಳಕಾಗಿದ್ದರೆ, ಕೊನೆಯ ಡೋಸ್ ಆಗಿ ಐದು ವರ್ಷ ದಾಟಿದ್ದರೆ ಮಾತ್ರ ಮತ್ತೊಂದು ಬೇಕು. ಚೊಕ್ಕ ಸಣ್ಣ ಗಾಯಕ್ಕಾದರೆ ಹತ್ತು ವರ್ಷ. ಇವನಿಗೆ ಮೂರು ವರ್ಷ ಅಷ್ಟೇ ಆಗಿದೆ, ಈಗ ಬೇಡ. ಆರು ತಿಂಗಳ ಲೆಕ್ಕ ಸುಳ್ಳು. ಸುಮ್ನೆ ಮತ್ತೆ ಮತ್ತೆ ಹಾಕಿಸಿದರೆ ಸೂಜಿ ಚುಚ್ಚಿದ ಜಾಗ ಊದಿ ಕೆಂಪಾಗುತ್ತದೆ. ಐದು ವರ್ಷ ತುಂಬಿದ ಮೇಲೆ ಬರುವ ಎರಡನೇ ಬೂಸ್ಟರ್ ಮಾತ್ರ ತಪ್ಪಿಸಬೇಡಿ, ಎಷ್ಟೋ ಮನೆಗಳಲ್ಲಿ ಅದನ್ನೇ ಮರೆಯುತ್ತಾರೆ. ಮುಂದೆ 10 ಮತ್ತು 16ನೇ ವರ್ಷಕ್ಕೆ ಟಿಡಿ (ಧನುರ್ವಾಯು, ಡಿಫ್ತೀರಿಯಾ ಎರಡಕ್ಕೂ ಲಸಿಕೆ) ಇದೆ. ಹಳೆ ಟಿಟಿ ಜಾಗಕ್ಕೆ ಈಗ ಅದೇ ಬಂದಿದೆ.

ಆದರೂ ಚುಚ್ಚಿದ ಗಾಯ ಆಳ ಇದ್ದರೆ ಡಾಕ್ಟರಿಗೆ ಒಮ್ಮೆ ತೋರಿಸಿ. ಕಾರ್ಡ್ ಜೊತೆಗಿರಲಿ.

ಉತ್ತರ 2 (ಬೆಳಗಾವಿ)

ನಮ್ಮ ಕಡೆ ಬಟ್ಟೆ ಸುಟ್ಟ ಬೂದಿ, ಸುಣ್ಣ, ಕಾಫಿ ಪುಡಿ, ಏನೇನೋ ತುಂಬುತ್ತಾರೆ. ರಕ್ತ ನಿಂತಿತು ಅಂತ ಸಮಾಧಾನ, ಒಳಗೆ ಕೊಳೆ ಹಾಗೇ ಇರುತ್ತದೆ. ಅತ್ತೆಯವರ ಜೊತೆ ಜಗಳ ಬೇಡ. ತೊಳೆದು ಒಣಗಿದ ಮೇಲೆ ಚೊಕ್ಕ ಪಟ್ಟಿ ಕಟ್ಟುವ ಕೆಲಸ ಅವರಿಗೇ ಬಿಡಿ.

ಉತ್ತರ 3 (ಜಮಖಂಡಿ)

ನನ್ನದೂ ಒಂದು ಕೇಳಬೇಕಿತ್ತು. ನಮ್ಮ ಹೊಲಕ್ಕೆ ಮಹಾರಾಷ್ಟ್ರದಿಂದ ಕಬ್ಬು ಕಡಿಯುವ ಗ್ಯಾಂಗ್ ಬಂದಿದೆ. ಗುಡಿಸಲಲ್ಲಿ ಎರಡು ವರ್ಷದ ಹುಡುಗಿ ಇದ್ದಾಳೆ, ದಿನಾ ರವದಿ (ಒಣಗಿದ ಕಬ್ಬಿನ ಗರಿ) ಮೇಲೆ ಆಡುತ್ತಾಳೆ, ಇವತ್ತು ಕಾಲು ಕೊಯ್ದುಕೊಂಡಿದ್ದಾಳೆ. ಅವಳಿಗೆ ಯಾವ ಸೂಜಿ ಆಗಿದೆಯೋ ಅವರಿಗೇ ನೆನಪಿಲ್ಲ, ಕಾರ್ಡೂ ಇಲ್ಲ. ಬೇರೆ ರಾಜ್ಯದವರು ಅಂತ ಇಲ್ಲಿ ಹಾಕಲ್ಲವಾ?

ಉತ್ತರ 1 ಬರೆದವರು

ಹಾಕ್ತಾರೆ ರೀ, ಯಾವ ರಾಜ್ಯದ ಮಗುವಾದರೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ದಯವಿಟ್ಟು ನಾಳೆಗೆ ಬಿಡಬೇಡಿ. ಕಾರ್ಡ್ ಇಲ್ಲ ಅಂದರೆ ಸೂಜಿ ಆಗಿಲ್ಲ ಅಂತಲೇ ಹಿಡಿಯಬೇಕು. ಅಂಥ ಮಗುವಿಗೆ ಕೊಳಕು ಗಾಯ ಆದರೆ ಲಸಿಕೆ ಒಂದೇ ಸಾಲದು, ಅದು ಕೆಲಸ ಶುರು ಮಾಡಲು ಸಾಕಷ್ಟು ದಿನ ಹಿಡಿಯುತ್ತದೆ. ತಕ್ಷಣದ ರಕ್ಷಣೆಗೆ ಟೆಟನಸ್ ಇಮ್ಯುನೋಗ್ಲೋಬುಲಿನ್ ಅನ್ನೋ ಬೇರೆ ಇಂಜೆಕ್ಷನ್ ಕೊಡುತ್ತಾರೆ. ಚಿಕ್ಕ ಕೇಂದ್ರದಲ್ಲಿ ಸಿಗದಿದ್ದರೆ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಉಳಿದ ಡಿಪಿಟಿ ಡೋಸ್‌ಗಳನ್ನು ನಾಲ್ಕು ವಾರಕ್ಕೊಮ್ಮೆ ಮುಗಿಸಬೇಕು, ಗ್ಯಾಂಗ್ ಊರಿಗೆ ಹೊರಟರೆ ಬರೆದ ಚೀಟಿ ಅವರ ಕೈಗೆ ಕೊಡಿ.

ಧನುರ್ವಾಯುವಿನ ಲಕ್ಷಣ ಸಾಮಾನ್ಯವಾಗಿ ಗಾಯವಾಗಿ 3 ರಿಂದ 21 ದಿನದೊಳಗೆ ಬರುತ್ತದೆ, ಅಷ್ಟರಲ್ಲಿ ಗಾಯ ಮಾಯ್ದೂ ಇರಬಹುದು. ಮಗು ಬಾಯಿ ತೆಗೆಯಲು ಒದ್ದಾಡಿದರೆ, ನುಂಗಲು ಆಗದಿದ್ದರೆ, ಕತ್ತು ಬಿಗಿದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ಆಶಾ ಅಕ್ಕನಿಗೂ ತಿಳಿಸಿ, ಆ ಗುಡಿಸಲುಗಳಲ್ಲಿ ಇನ್ನೂ ಮಕ್ಕಳಿರುತ್ತಾರೆ.