ಸಣ್ಣ ಕಾರಿನ ಹಿಂದೆ ದೋಣಿ ಟ್ರೇಲರ್: ಸ್ಪೀಡ್ 60 ದಾಟಿದರೆ ಬಾಲ ಬೀಸುತ್ತದೆ, ಎಂತ ಮಾಡುವುದು?

ಹೊಳೆದಂಡೆ:
ಕಾರು 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಖಾಲಿ ತೂಕ ಸುಮಾರು 900 ಕೆ.ಜಿ. ಟ್ರೇಲರಿಗೆ ಒಂದೇ ಆಕ್ಸಲ್, ಬ್ರೇಕ್ ಇಲ್ಲ. ಟ್ರೇಲರ್ 110, ಫೈಬರ್ ದೋಣಿ 130, ಹಿಂಬದಿಗೆ ಕಟ್ಟಿದ 5 ಎಚ್‌ಪಿ ಎಂಜಿನ್ 27, ಲಂಗರು, ಹಗ್ಗ, ಪೆಟ್ರೋಲ್ ಕ್ಯಾನ್ ಎಲ್ಲ ಸೇರಿ 290 ಕೆ.ಜಿ. ಉಡುಪಿಯಿಂದ ಕೋಡಿ ಬೆಂಗ್ರೆಗೆ ಒಯ್ಯುವುದು. ಹೆದ್ದಾರಿ 66ರಲ್ಲಿ 60 ದಾಟಿದ ಕೂಡಲೇ ಟ್ರೇಲರ್ ಎಡಕ್ಕೂ ಬಲಕ್ಕೂ ಬೀಸುತ್ತದೆ, ಬಸ್ಸು ಓವರ್‌ಟೇಕ್ ಮಾಡಿದರೆ ಇನ್ನೂ ಜಾಸ್ತಿ. ಟಯರ್ ಗಾಳಿ ಸರಿ ಉಂಟು. ಇದನ್ನೇ ಆಗುಂಬೆ ಘಾಟಿ ಹತ್ತಿಸಬಹುದಾ?

ಗ್ರೀಸ್‌ಗನ್:
ನಿಮ್ಮ ಟ್ರೇಲರಿನ ಮೂತಿ ಹಗುರ ಆಗಿದೆ ಮಾರಾಯ್ರೆ. ಆಕ್ಸಲ್‌ನ ಹಿಂದೆ ಭಾರ ಜಾಸ್ತಿಯಾದರೆ ಅದು ಲೋಲಕದ ಹಾಗೆ ಕಾರಿನ ಹಿಂಭಾಗವನ್ನೇ ಅಲ್ಲಾಡಿಸುತ್ತದೆ. ಟವ್ ಬಾಲ್ (ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸುವ ಗುಂಡು) ಮೇಲೆ ಟ್ರೇಲರಿನ ಒಟ್ಟು ತೂಕದ 7ರಿಂದ 10 ಪರ್ಸೆಂಟ್ ಕೂರಬೇಕು. ನಿಮ್ಮ ಲೆಕ್ಕಕ್ಕೆ 20ರಿಂದ 29 ಕೆ.ಜಿ.

ಅಳೆಯುವುದು ಸುಲಭ. ಸಮತಟ್ಟು ನೆಲದಲ್ಲಿ ಚಕ್ರಕ್ಕೆ ಕಲ್ಲು ಕೊಡಿ. ಮನೆಯಲ್ಲಿ ತೂಕ ನೋಡುವ ಮೆಷಿನ್ ಮೇಲೆ ಮರದ ತುಂಡು ನಿಲ್ಲಿಸಿ, ಕಪ್ಲಿಂಗ್, ಅಂದರೆ ಬಾಲ್‌ಗೆ ಸಿಕ್ಕಿಸುವ ಟ್ರೇಲರಿನ ಮೂತಿ, ಅದರ ಮೇಲೆ ಕೂರಲಿ. ಕಾರಿಗೆ ಸಿಕ್ಕಿಸಿದಾಗ ಕಪ್ಲಿಂಗ್ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟೇ ಎತ್ತರ ಇರಬೇಕು, ಇಲ್ಲದಿದ್ದರೆ ತೂಕ ತಪ್ಪು ತೋರಿಸುತ್ತದೆ. ಮರದ ತುಂಡಿನ ತೂಕ ಕಳೆಯಲು ಮರೆಯಬೇಡಿ.

ಬೀಸು ಶುರುವಾದರೆ ಬ್ರೇಕ್ ಒತ್ತಬೇಡಿ, ಸ್ಪೀಡ್ ಹೆಚ್ಚಿಸಿ ಸರಿಮಾಡಲೂ ಹೋಗಬೇಡಿ. ಸ್ಟಿಯರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ.

ಹೊಳೆದಂಡೆ:
ಈಗಷ್ಟೇ ತೂಕ ನೋಡಿದ್ದು. ಬರೀ 8 ಕೆ.ಜಿ.! ಆಕ್ಸಲ್‌ನಿಂದ ಬಾಲ್‌ಗೆ 250 ಸೆಂ.ಮೀ. ಉಂಟು, ಎಂಜಿನ್ ಇರುವುದು ಆಕ್ಸಲ್‌ಗಿಂತ 130 ಸೆಂ.ಮೀ. ಹಿಂದೆ.

ಗ್ರೀಸ್‌ಗನ್:
ಹಾಗಾದರೆ ಎಂಜಿನ್ ಬಿಚ್ಚಿ ದೋಣಿಯ ಒಳಗೆ, ಆಕ್ಸಲ್‌ಗಿಂತ 60 ಸೆಂ.ಮೀ. ಮುಂದೆ ಇಡಿ. 190 ಸೆಂ.ಮೀ. ಸರಿದಂತಾಯಿತು. 27ನ್ನು 190ರಿಂದ ಗುಣಿಸಿ 250ರಿಂದ ಭಾಗಿಸಿದರೆ ಮೂತಿಗೆ ಸುಮಾರು 20 ಕೆ.ಜಿ. ಸೇರುತ್ತದೆ, ಒಟ್ಟು 28. ಬೇರೆ ಯಾವುದನ್ನೂ ಮುಟ್ಟುವುದು ಬೇಡ. ಫೋರ್ ಸ್ಟ್ರೋಕ್ ಎಂಜಿನ್ ಆದರೆ ಕಂಪನಿ ಹೇಳಿದ ಬದಿಗೇ ಮಲಗಿಸಿ, ಇನ್ನೊಂದು ಬದಿಗೆ ಮಲಗಿಸಿದರೆ ಆಯಿಲ್ ಸಿಲಿಂಡರಿಗೆ ಇಳಿಯುತ್ತದೆ. ಎರಡು ಕಡೆ ಬೆಲ್ಟ್ ಹಾಕಿ ಬಿಗಿಯಿರಿ. ಅದು ದಾರಿಯಲ್ಲಿ ಹಿಂದೆ ಜಾರಿದರೆ ಮತ್ತೆ ಅದೇ ಕತೆ.

ಕೆಎ20 ಚಾಲಕ:
ಇದಕ್ಕೂ ಮೊದಲು ಕಾರಿನ ಮ್ಯಾನ್ಯುಯಲ್ ತೆಗೆದು ನೋಡಿ. ಟ್ರೇಲರ್ ಎಳೆಯಬಾರದು ಅಂತ ಬರೆದಿದ್ದರೆ ಅಲ್ಲಿಗೆ ಬಿಟ್ಟುಬಿಡಿ. ಕಾರಿನ ಜೊತೆ ಬರುವ ಟೋಯಿಂಗ್ ಕೊಕ್ಕೆ ಕೆಟ್ಟು ನಿಂತ ಕಾರನ್ನು ಎಳೆಯಲಿಕ್ಕೆ ಮಾತ್ರ. ಹಿಚ್ (ಟವ್ ಬಾಲ್ ಕೂರಿಸುವ ಕಬ್ಬಿಣದ ಚೌಕಟ್ಟು) ಅನ್ನು ಹಿಂಬದಿಯ ಚಾಸಿ ಮೆಂಬರಿಗೆ, ಅಂದರೆ ಕಾರಿನ ಅಡಿಯ ಗಟ್ಟಿ ತೊಲೆಗೆ, ಬೋಲ್ಟ್ ಮಾಡಬೇಕು, ಬಂಪರಿಗೋ ಡಿಕ್ಕಿಯ ತಗಡಿಗೋ ಅಲ್ಲ. ಸೇಫ್ಟಿ ಚೈನ್ ಎರಡನ್ನೂ ಕಪ್ಲಿಂಗ್ ಅಡಿಯಲ್ಲಿ ಕತ್ತರಿ ಆಕಾರಕ್ಕೆ ದಾಟಿಸಿ ಹಾಕಿ. ಆಗ ಕಪ್ಲಿಂಗ್ ಕಳಚಿದರೂ ಮೂತಿ ರಸ್ತೆಗೆ ತಾಗದೆ ಚೈನ್ ಮೇಲೆ ನಿಲ್ಲುತ್ತದೆ.

1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರಿಗೂ ನೋಂದಣಿ ಬೇಕು. ಅದರ ನಂಬರ್ ಬದಿಯಲ್ಲಿ, ಎಳೆಯುವ ಕಾರಿನ ನಂಬರ್ ಟ್ರೇಲರಿನ ಹಿಂದೆ ಕಾಣಬೇಕು. ಇನ್ಶೂರೆನ್ಸ್ ಕಂಪನಿಗೂ ತಿಳಿಸಿ.

ಆಗುಂಬೆ ಬೇಡ ಅಂತ ನಾನು ಹೇಳುತ್ತೇನೆ. 14 ಹೇರ್‌ಪಿನ್ ತಿರುವು, ಕಾರಿಗೆ ಎಳೆತ ಮುಂದಿನ ಚಕ್ರದಲ್ಲಿ, ಟ್ರೇಲರ್ ಭಾರ ಮಾತ್ರ ಹಿಂದಕ್ಕೆ. ಮಳೆಗೆ ಎಲೆ ಬಿದ್ದು ಒದ್ದೆಯಾದ ತಿರುವಲ್ಲಿ ನಿಂತು ಹೊರಟರೆ ಮುಂದಿನ ಚಕ್ರ ಸುಮ್ಮನೆ ತಿರುಗುತ್ತದೆ, ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಇಳಿಯುವಾಗ ಇನ್ನೂ ಕಷ್ಟ. ತಿರುವಿನ ಒಳಗೆ ಬ್ರೇಕ್ ಒತ್ತಿದರೆ ಬ್ರೇಕಿಲ್ಲದ 290 ಕೆ.ಜಿ. ಕಾರಿನ ಹಿಂಭಾಗವನ್ನು ಹೊರಕ್ಕೆ ತಳ್ಳುತ್ತದೆ. ಬೇರೆ ಯಾವ ಇಳಿಜಾರಿನಲ್ಲೂ ನೇರ ರಸ್ತೆಯಲ್ಲೇ ಸ್ಪೀಡ್ ಇಳಿಸಿ, ಸೆಕೆಂಡ್ ಗಿಯರಿಗೆ ಹಾಕಿ, ಆಮೇಲೆ ತಿರುಗಿಸಿ.

ಉಪ್ಪುನೀರು:
ಬೆಂಗ್ರೆಯಲ್ಲಿ ನೀರಿಗೆ ಇಳಿಸುವುದಾದರೆ ಬೇರಿಂಗ್ ವಿಷಯ ಯಾರೂ ಹೇಳಲಿಲ್ಲ. ಓಡಿ ಬಂದ ಹಬ್ (ಬೇರಿಂಗ್ ಕೂರುವ ಚಕ್ರದ ನಡುಭಾಗ) ಬಿಸಿ ಇರುತ್ತದೆ. ಅದನ್ನು ಹಾಗೇ ಮುಳುಗಿಸಿದರೆ ಒಳಗಿನ ಗಾಳಿ ತಣಿದು ಕುಗ್ಗಿ, ಸೀಲ್ ಮೂಲಕ ಉಪ್ಪುನೀರನ್ನು ಒಳಕ್ಕೆ ಹೀರುತ್ತದೆ. ಕೈಯಿಟ್ಟರೆ ತಣ್ಣಗೆ ಅನಿಸುವವರೆಗೆ ಕಾಯಿರಿ. ಲೈಟಿನ ಪ್ಲಗ್ ಮೊದಲೇ ಕಳಚಿ. ವಾಪಸ್ ಬಂದ ಮೇಲೆ ಹಬ್, ಸ್ಪ್ರಿಂಗ್, ಬೋಲ್ಟ್ ಎಲ್ಲದಕ್ಕೂ ಬಾವಿನೀರು ಹೊಡೆಯಿರಿ.

ಹಬ್ ಕ್ಯಾಪ್ ತೆಗೆದಾಗ ಗ್ರೀಸ್ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ ಎಂದೇ ಅರ್ಥ. ಬೇರಿಂಗ್ ಬಿಚ್ಚಿ, ತೊಳೆದು, ಒರೆಸಿ ಮೆರೈನ್ ಗ್ರೀಸ್ ತುಂಬಿಸಿ, ಸೀಲ್ ಹೊಸದು ಹಾಕಿ. ಚಕ್ರ ತಿರುಗಿಸುತ್ತಾ ನಟ್ ಬಿಗಿದು, ಸ್ವಲ್ಪ ಸಡಿಲಿಸಿ ನಟ್ ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್ ಹೊಸದು ಹಾಕಿ. ತೀರಾ ಬಿಗಿದರೆ ಬೇರಿಂಗ್ ಕಾದು ಹೋಗುತ್ತದೆ.

ಇಂಡಿಕೇಟರ್ ಹಾಕಿದಾಗ ಟೈಲ್ ಲೈಟೂ ಜೊತೆಗೆ ಮಿಣುಕಿದರೆ ಬಲ್ಬ್ ಬದಲಾಯಿಸುತ್ತಾ ಕೂರಬೇಡಿ. ಅರ್ಥ್ ವಯರ್ ತುಕ್ಕು ಹಿಡಿದಿರುತ್ತದೆ. 7 ಪಿನ್ ಪ್ಲಗ್‌ನಲ್ಲಿ ಅದು ಸಾಮಾನ್ಯವಾಗಿ ಬಿಳಿ ವಯರ್, 3ನೇ ಪಿನ್.