ಪದಚರ್ಚೆ: ‘ಅಧಿಕ ಸಂಖ್ಯೆ’ ಬದಲು ‘ಕೊಸರು ಸಂಖ್ಯೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ರಾಯಚೂರಿನಲ್ಲಿ ನಮ್ಮ ಓಣಿಯ ಮಕ್ಕಳಿಗೆ ಸಂಜೆ ಗಣಿತ ಹೇಳಿಕೊಡುತ್ತೇನೆ. ಮೊನ್ನೆ ಅಪವರ್ತನ ಬಿಡಿಸಲು ಒಂದು ದೊಡ್ಡ ಸಂಖ್ಯೆ ಬೇಕಾಯಿತು. ಸುಮ್ನೆ ನಮ್ಮೂರ ಪಿನ್‌ಕೋಡ್ ಕೊಟ್ಟೆ: 584101. ಏಳರಿಂದ ಭಾಗ ಹೋಗಿ 83443 ಬಂತು. ಆಮೇಲೆ ಒಡೆಯಲೇ ಇಲ್ಲ. ಅದು ಅವಿಭಾಜ್ಯ. (ಖಾತ್ರಿಗೆ 283ರ ತನಕ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಮಕ್ಕಳು 31ಕ್ಕೇ ಕೈಚೆಲ್ಲಿದರು.)

ತೊಡಕು ಬಂದದ್ದು ಮುಂದೆ. ಒಂದು ಸಂಖ್ಯೆಯ ಭಾಜಕಗಳನ್ನು, ಅದೊಂದನ್ನು ಬಿಟ್ಟು, ಕೂಡಿಸಿ. 6ಕ್ಕೆ 1+2+3, ಸರಿಯಾಗಿ 6. ಇದು ಪರಿಪೂರ್ಣ ಸಂಖ್ಯೆ, ತಕರಾರಿಲ್ಲ. 12ಕ್ಕೆ 16 ಬರುತ್ತದೆ, ಜಾಸ್ತಿ. ಇದು ಇಂಗ್ಲಿಷಿನವರ ಅಬಂಡಂಟ್. ನಮ್ಮ ಪಿನ್‌ಕೋಡಿಗೆ 1, 7, 83443 ಸೇರಿ ಬರೀ 83451. ಅಂದರೆ 5,00,650 ಕಮ್ಮಿ. ಇದು ಡಿಫಿಶಿಯಂಟ್.

ಬೋರ್ಡಿನ ಮೇಲೆ ‘ಅಧಿಕ ಸಂಖ್ಯೆ’, ‘ನ್ಯೂನ ಸಂಖ್ಯೆ’ ಎಂದು ಬರೆದೆ. ಒಬ್ಬ ಹುಡುಗಿ ತಟ್ಟನೆ ಕೇಳಿದಳು: “ಸರ್, ಹನ್ನೆರಡು ಅಧಿಕ, ಐದು ಲಕ್ಷ ನ್ಯೂನ ಹೆಂಗ್ರೀ?” ಅವಳದೇನು ತಪ್ಪು? ಜಾತ್ರೆಯ ಕರಪತ್ರದಲ್ಲಿ ‘ಅಧಿಕ ಸಂಖ್ಯೆಯಲ್ಲಿ ಆಗಮಿಸಿ’ ಎಂದು ಓದಿ ಬೆಳೆದವಳು. ನ್ಯೂನ ಅಂದರೆ ಐಬು ಅನ್ನುವ ವಾಸನೆಯೂ ಇದೆ. ‘ಸಾಲದ ಸಂಖ್ಯೆ’ ಅಂದು ನೋಡಿದೆ. ಬ್ಯಾಂಕಿನ ಲೋನ್ ನಂಬರ್ ಅಂದುಕೊಂಡು ನಕ್ಕರು!

ಕೊನೆಗೆ ಸಂತೆಯ ಮಾತಿಗೆ ಬಂದೆ. ಒಂದು ಕೆಜಿ ಬದನೆಕಾಯಿ ತೂಗಿ, ತಕ್ಕಡಿ ಸರಿನಿಂತ ಮೇಲೂ ಇನ್ನೊಂದು ಕಾಯಿ ಚೀಲಕ್ಕೆ ಹಾಕುತ್ತಾರಲ್ಲ, ಅದು ಕೊಸರು. ಹಾಗೆ 12 ಕೊಸರು ಸಂಖ್ಯೆ, ಕೊಸರು 4. ಬೆಸ ಸಂಖ್ಯೆಗಳದ್ದು ಮಾತ್ರ ಬಲು ಜಿಪುಣತನ. ಮೊದಲ ಸಲ ಕೊಸರು ಸಿಗುವುದು 945ರಲ್ಲಿ, ಅದೂ 30. ಕಮ್ಮಿ ಬಿದ್ದದ್ದಕ್ಕೆ ‘ಖೋತಾ ಸಂಖ್ಯೆ’ ಅಂದೆ. ಮಕ್ಕಳು ಅಲ್ಲೇ ಬಳ್ಳಾರಿಯ 583101 (3×3×67×967), ಕೊಪ್ಪಳದ 583231 (11×37×1433) ಎರಡನ್ನೂ ಬಿಡಿಸಿ “ಅವರದೂ ಖೋತಾ” ಎಂದು ಕುಣಿದರು.

ಕೊಸರು ನನಗೆ ಪೂರ್ತಿ ಒಪ್ಪಿಗೆ. ಖೋತಾ ಬಗ್ಗೆ ಅನುಮಾನ. ‘ಖೋತಾ ಬಜೆಟ್’ ಅಂದಾಗ ಕೊರತೆ ಸರಿ, ಆದರೆ ‘ಸಂಬಳ ಖೋತಾ’ ಅಂದಾಗ ಇದ್ದದ್ದನ್ನು ಕತ್ತರಿಸಿದ ಅರ್ಥ. ಇಲ್ಲಿ ಯಾರೂ ಏನೂ ಕತ್ತರಿಸಿಲ್ಲ, ಅಲ್ವಾ? ಇದಕ್ಕಿಂತ ಒಳ್ಳೆಯ ಪದ ಇದ್ದರೆ ಹೇಳಿ. ಹಾಗೇ ಮೈಸೂರು, ಮಂಗಳೂರು ಕಡೆಯವರು ಆ ಹೆಚ್ಚಿನ ಬದನೆಕಾಯಿಗೆ ಏನಂತೀರಿ?